ವಿಜ್‌ಟ್ರೀ: ‘ಜಾಗ ಇಲ್ಲ’ ಅಂತ ಕಂಪ್ಯೂಟರ್ ಹೇಳಿದ್ರೆ ಮೊದಲು ಇದನ್ನ ಹಾಕಿ ನೋಡಿ

ಡಿಸ್ಕ್ ತುಂಬಿದೆ ಅಂತ ಸ್ಕ್ರೀನ್ ಮೂಲೆಯಲ್ಲಿ ಮೆಸೇಜ್ ಬಂದ ತಕ್ಷಣ ಏನನ್ನೂ ಡಿಲೀಟ್ ಮಾಡಬೇಡಿ. ಸಿಪಿಯು ಹೊತ್ತುಕೊಂಡು ಅಂಗಡಿಗೂ ಓಡಬೇಡಿ. ಮೊದಲು ವಿಜ್‌ಟ್ರೀ ಅನ್ನೋ ಪ್ರೋಗ್ರಾಂ ಹಾಕಿಕೊಂಡು ಯಾವ ಡ್ರೈವ್‌ನಲ್ಲಿ ಏನು ತುಂಬಿದೆ ಅಂತ ಕಣ್ಣಾರೆ ನೋಡಿ. ನಾನು ಡಿಲೀಟೂ ಮಾಡಿದೆ, ಅಂಗಡಿಗೂ ಹೋದೆ, ಆಮೇಲೆ ಇದನ್ನ ಹಾಕಿದೆ. ಮೊದಲೇ ಹಾಕಿದ್ರೆ ಒಂದು ಫೋಲ್ಡರ್ ಫೋಟೋ ಉಳೀತಿತ್ತು.

ನಮ್ಮ ಮನೆ ಗಂಗಾವತಿಯಲ್ಲಿ. ಎರಡು ರೈಸ್ ಮಿಲ್‌ಗಳ ಲೆಕ್ಕವನ್ನ ಮನೆಯಲ್ಲೇ ಕೂತು ಟ್ಯಾಲಿಯಲ್ಲಿ ಬರೀತೀನಿ. ಕಂಪ್ಯೂಟರ್ ಹಳೇದು, ವಿಂಡೋಸ್ 10, 1 ಟಿಬಿ ಹಾರ್ಡ್ ಡಿಸ್ಕ್. ಮಾರ್ಚ್ ಕೊನೇ ವಾರ, ವರ್ಷದ ಲೆಕ್ಕ ಮುಗಿಸೋ ಗಡಿಬಿಡಿ. ಹಿಂದಿನ ರಾತ್ರಿ ದೊಡ್ಡ ಅಪ್‌ಡೇಟ್ ಒಂದು ಆಗಿತ್ತು. ಬೆಳಗ್ಗೆ ಆನ್ ಮಾಡಿದ್ರೆ ‘ಲೋ ಡಿಸ್ಕ್ ಸ್ಪೇಸ್’ ಅಂತ ಮೆಸೇಜ್. ಮುಚ್ಚಿದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತೆ. ಅದನ್ನ ಒತ್ತಿದ್ರೆ ಡಿಸ್ಕ್ ಕ್ಲೀನಪ್ ತೆರೆಯುತ್ತೆ, ತೆಗೆಯೋಕೆ ಏನೂ ಇಲ್ಲ, ಸೊನ್ನೆ ಬೈಟ್ ಅಂತ ತೋರಿಸುತ್ತೆ. ಟ್ಯಾಲಿ ಡೇಟಾ ಸೇವ್ ಆಗದೆ ಹೋದ್ರೆ ಏನು ಗತಿ ಅಂತ ನನಗೆ ಭಯ. ಮೆಸೇಜ್‌ನಲ್ಲಿ ಯಾವ ಡ್ರೈವ್ ಹೆಸರಿದೆ ಅಂತ ನಾನು ನೋಡಲೇ ಇಲ್ಲ. ದೊಡ್ಡ ಫೋಲ್ಡರ್ ಯಾವುದು ಅಂತ ಹುಡುಕಿ, ಹಳೇ ಫೋಟೋ ಇದ್ದ ಒಂದನ್ನ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಅದರಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಫೋಟೋ ಇದ್ದವು. ಜಾತ್ರೆಯ ಮಹಾದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಬಡಿದು ಕಳಿಸ್ತಾರಲ್ವಾ, ಆ ವರ್ಷ ನಮ್ಮವ್ವ ಓಣಿ ಹೆಂಗಸರ ಜೊತೆ ಕೂತು ರೊಟ್ಟಿ ಬಡಿದಿದ್ದಳು. ಆ ಫೋಟೋಗಳು.

ಅಷ್ಟೆಲ್ಲಾ ಅಳಿಸಿದ ಮೇಲೂ ಮೆಸೇಜ್ ನಿಲ್ಲಲಿಲ್ಲ.

ಆಮೇಲೆ ಅಂಗಡಿಗೆ ಹೋದೆ. ಯಾವುದು ಅಂತ ಹೇಳಲ್ಲ. ಅವರು ಎರಡು ನಿಮಿಷ ನೋಡಿ, “ಹಾರ್ಡ್ ಡಿಸ್ಕ್ ಹೋಗೈತ್ರಿ. 1 ಟಿಬಿ ಅಂತ ಬರೆದೈತಿ, 931 ಜಿಬಿ ಅಷ್ಟ ತೋರಿಸ್ತೈತಿ. ಉಳಿದಿದ್ದು ಬ್ಯಾಡ್ ಸೆಕ್ಟರ್. ಹೊಸದು ಹಾಕಿಸ್ರಿ” ಅಂದರು. ನನಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಅದಕ್ಕೇ ಯಾವ 1 ಟಿಬಿ ಡಿಸ್ಕ್ ಆದ್ರೂ 931 ಅಂತಲೇ ತೋರಿಸುತ್ತೆ, 500 ಜಿಬಿಯದು 465 ತೋರಿಸುತ್ತೆ. ಒಂದು ಬೈಟ್ ಕೂಡ ಹಾಳಾಗಿರಲ್ಲ. ಸದ್ಯ, ದುಡ್ಡು ತಂದಿರಲಿಲ್ಲ ಅಂತ ವಾಪಸ್ ಬಂದೆ.

ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿದೆ. ಬಳ್ಳಾರಿಯಲ್ಲಿ ಡಿಪ್ಲೊಮಾ ಓದ್ತಿದ್ದಾನೆ. ಅವನು ಕೇಳಿದ ಮೊದಲ ಮಾತೇ, “ಚಿಗವ್ವಾ, ಯಾವ ಡ್ರೈವ್ ತುಂಬೈತಿ ಅಂತ ಬರ್ತೈತಿ ಓದು” ಅಂತ. ಓದಿದೆ. ಎಫ್ ಡ್ರೈವ್. ನಮ್ಮ ಕಂಪ್ಯೂಟರ್‌ನಲ್ಲಿ ಸಿ ಮತ್ತು ಡಿ ಬಿಟ್ರೆ ಬೇರೆ ಡ್ರೈವೇ ಇರಲಿಲ್ಲ! ಸಿ ಡ್ರೈವ್‌ನಲ್ಲಿ 38 ಜಿಬಿ ಖಾಲಿ ಇತ್ತು, ಡಿ ಡ್ರೈವ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಎಫ್ ಅನ್ನೋದು ಬರೀ 499 ಎಂಬಿ, ಎಷ್ಟು ತುಂಬಿದೆ ಅಂತ ತೋರಿಸೋ ಪಟ್ಟಿ ಕೆಂಪಗೆ. ತೆರೆದು ನೋಡಿದ್ರೆ ಒಳಗೆ ಏನೂ ಇಲ್ಲ. ಏನೂ ಇಲ್ಲದ ಡ್ರೈವ್ ತುಂಬಿದೆ ಅಂದ್ರೆ ನಾನು ಏನಂತ ತಿಳ್ಕೋಬೇಕು?

ಆಗ ಅವನು ವಿಜ್‌ಟ್ರೀ ಹಾಕಿಸಿದ. ಕೆಲವೇ ಎಂಬಿಯ ಪ್ರೋಗ್ರಾಂ. ಮನೆ ಬಳಕೆಗೆ ಉಚಿತ, ಆಫೀಸಿಗಾದ್ರೆ ದುಡ್ಡು ಕಟ್ಟಬೇಕು. ಇನ್‌ಸ್ಟಾಲ್ ಮಾಡದೇ ನಡೆಸೋ ಪೋರ್ಟಬಲ್ ಆವೃತ್ತಿಯೂ ಇದೆ. ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತೆ, ಕೊಡಿ. ಡ್ರೈವ್ ಆರಿಸಿ ಸ್ಕ್ಯಾನ್ ಒತ್ತಿದ್ರೆ ಸಾಕು. ಎಫ್ ಡ್ರೈವ್ ಒತ್ತಿದ ಕ್ಷಣವೇ, ಯಾವ ಫೈಲ್ ಎಷ್ಟು ದೊಡ್ಡದು ಅಂತ ತೋರಿಸೋ ಕೆಳಗಿನ ಚೌಕ ಪೂರ್ತಿ ಹೆಚ್ಚುಕಡಿಮೆ ಒಂದೇ ಬಣ್ಣ. ಮೇಲೆ ಪಟ್ಟಿಯಲ್ಲಿ ರಿಕವರಿ ಅನ್ನೋ ಫೋಲ್ಡರ್, ಅದರೊಳಗೆ ವಿಂಡೋಸ್‌ಆರ್‌ಇ, ಅದರೊಳಗೆ ವಿನ್‌ಆರ್‌ಇ.ವಿಮ್ ಅಂತ ಒಂದೇ ಒಂದು ಫೈಲ್. 450 ಎಂಬಿ ಹತ್ತಿರ. ವಿಂಡೋಸ್ ಕೆಟ್ಟು ನಿಂತಾಗ ರಿಪೇರಿಗೆ ಬೇಕಾಗೋ ಫೈಲ್ ಅದು. ಅದು ಅಡಗಿಕೊಂಡೇ ಇರಬೇಕು, ಅದರ ಜಾಗ ತುಂಬಿಕೊಂಡೇ ಇರುತ್ತೆ. ಆ ಅಡಗಿದ ಪಾರ್ಟಿಶನ್‌ಗೆ, ಅಂದ್ರೆ ಡಿಸ್ಕ್‌ನ ಆ ಭಾಗಕ್ಕೆ, ಅಪ್‌ಡೇಟ್ ಸುಮ್ನೆ ಎಫ್ ಅಂತ ಒಂದು ಅಕ್ಷರ ಕೊಟ್ಟುಬಿಟ್ಟಿತ್ತು. ಅಕ್ಷರ ಸಿಕ್ಕಿದ್ದರಿಂದ ವಿಂಡೋಸ್ ಅದನ್ನೂ ನಮ್ಮ ಡ್ರೈವ್ ಅಂತ ತಿಳಿದು ಜಾಗ ಇಲ್ಲ, ಜಾಗ ಇಲ್ಲ ಅಂತ ಕೂಗ್ತಿತ್ತು. 2018ರ ಏಪ್ರಿಲ್‌ನಲ್ಲಿ ಬಂದ 1803 ಅಪ್‌ಡೇಟ್ ಆದ ಮೇಲೆ ಎಷ್ಟೋ ಜನಕ್ಕೆ ಇದೇ ತೊಂದರೆ ಆಗಿತ್ತಂತೆ. ಡಿಸ್ಕ್ ತುಂಬಿರಲಿಲ್ಲ, ಕೆಟ್ಟಿರಲೂ ಇಲ್ಲ.

ಸರಿ ಮಾಡೋದು ವಿಜ್‌ಟ್ರೀ ಕೆಲಸ ಅಲ್ಲ, ಅದು ತೋರಿಸುತ್ತೆ ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಪಾರ್ಟಿಶನ್ ಮೇಲೆ ರೈಟ್ ಕ್ಲಿಕ್ ಮಾಡಿದೆ, ‘ಹೆಲ್ಪ್’ ಬಿಟ್ಟು ಬೇರೇನೂ ಬರಲಿಲ್ಲ. ಅಕ್ಷರ ತೆಗೆಯೋಕೆ ಅಲ್ಲಿ ದಾರಿ ಇಲ್ಲ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿಸ್ಕ್‌ಪಾರ್ಟ್ ಅಂತ ಹೊಡೆದು, ಲಿಸ್ಟ್ ವಾಲ್ಯೂಮ್ ಕೊಟ್ಟು, ಎಫ್ ಎದುರಿನ ನಂಬರ್ ನೋಡಿಕೊಂಡು (ನಮ್ಮದರಲ್ಲಿ 3 ಇತ್ತು) ಸೆಲೆಕ್ಟ್ ವಾಲ್ಯೂಮ್ 3, ಆಮೇಲೆ ರಿಮೂವ್ ಲೆಟರ್=ಎಫ್. ಎಲ್ಲಾ ಇಂಗ್ಲಿಷ್‌ನಲ್ಲಿ ಟೈಪ್ ಮಾಡಬೇಕು. ಕ್ಲೀನ್, ಡಿಲೀಟ್ ಅನ್ನೋ ಪದ ಅಲ್ಲಿ ಅಪ್ಪಿತಪ್ಪಿಯೂ ಹೊಡೀಬೇಡಿ, ಇದ್ದಬದ್ದದ್ದೆಲ್ಲ ಹೋಗುತ್ತೆ. ನಾನು ಪ್ರತಿ ಸಾಲನ್ನೂ ಫೋನ್‌ನಲ್ಲಿ ಅವನಿಗೆ ಓದಿ ಹೇಳಿ ಆಮೇಲೇ ಎಂಟರ್ ಒತ್ತಿದೆ. ಎಫ್ ಡ್ರೈವ್ ಮಾಯ. ಆವತ್ತಿಂದ ಇವತ್ತಿನವರೆಗೂ ಆ ಮೆಸೇಜ್ ಬಂದಿಲ್ಲ. ಹಾರ್ಡ್ ಡಿಸ್ಕ್ ಅದೇ ಇದೆ, ಲೆಕ್ಕ ಅದರಲ್ಲೇ ಬರೀತಿದ್ದೀನಿ.

ಮುಂದಿನ ಭಾನುವಾರ ಅವನು ಬಂದಾಗ, ಅಳಿಸಿದ ಫೈಲ್ ಹುಡುಕುವ ಪ್ರೋಗ್ರಾಂ ಒಂದನ್ನ ನಡೆಸಿದ. ನಾನು ಅಳಿಸಿದ ಮೇಲೂ ಅದೇ ಡ್ರೈವ್‌ನಲ್ಲಿ ಕೆಲಸ ಮಾಡ್ತಾ ಇದ್ದೆ, ಹಾಗಾಗಿ ಆ ಜಾಗದ ಮೇಲೆ ಬೇರೆ ಏನೇನೋ ಬರೆದು ಹೋಗಿತ್ತು. ಕೆಲವು ಫೋಟೋ ಸಿಕ್ಕವು. ಒಂದರಲ್ಲಿ ಮೇಲಿನ ಅರ್ಧ ಅವ್ವನ ಮುಖ, ಹಣೆ ಮೇಲೆ ಹಿಟ್ಟು, ಕೆಳಗಿನ ಅರ್ಧ ಬರೀ ಬೂದು ಬಣ್ಣ. ರೊಟ್ಟಿ ಬಡಿಯೋ ಕೈ ಇದ್ದದ್ದು ಆ ಕೆಳಗಿನ ಅರ್ಧದಲ್ಲಿ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಈಗ ಪ್ರೋಗ್ರಾಂ ಬಗ್ಗೆ ಇನ್ನಷ್ಟು. ಇದಕ್ಕೂ ಮೊದಲು ವಿನ್‌ಡರ್‌ಸ್ಟ್ಯಾಟ್ ಅಂತ ಇನ್ನೊಂದನ್ನ ಮಿಲ್ ಆಫೀಸಿನಲ್ಲಿ ನೋಡಿದ್ದೆ. 2003ರಿಂದ ಇದೆ, ಅದೂ ಒಳ್ಳೇದು, ಆಫೀಸಿಗೂ ಉಚಿತ. ಆದ್ರೆ ನಾನು ನೋಡಿದ ಹಳೇ ಆವೃತ್ತಿ ಫೋಲ್ಡರ್ ಫೋಲ್ಡರ್ ತೆರೆದು ಎಣಿಸೋದ್ರಿಂದ ಟೀ ಕುಡಿದು ಬರೋಷ್ಟು ಹೊತ್ತು ತಗೊಂಡಿತ್ತು. ವಿಜ್‌ಟ್ರೀ ಹಾಗಲ್ಲ. ಯಾವ ಫೈಲ್ ಎಷ್ಟು ದೊಡ್ಡದು ಅಂತ ವಿಂಡೋಸ್ ಡಿಸ್ಕ್‌ನಲ್ಲೇ ಇಟ್ಟುಕೊಂಡಿರೋ ಪಟ್ಟಿಯನ್ನ ಇದು ನೇರವಾಗಿ ಓದುತ್ತೆ. ಅದಕ್ಕೇ ನಮ್ಮ ಹಳೇ ಡಿಸ್ಕ್‌ನಲ್ಲೂ ಸಿ ಡ್ರೈವ್ ಪೂರ್ತಿ ಅರ್ಧ ನಿಮಿಷದೊಳಗೆ ಬಂತು. ಆ ಪಟ್ಟಿ ಇರೋದು ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟ್‌ನ ಡ್ರೈವ್‌ಗಳಲ್ಲಿ ಮಾತ್ರ, ಪೆನ್‌ಡ್ರೈವ್ ಸಾಮಾನ್ಯವಾಗಿ ಬೇರೆ ಫಾರ್ಮ್ಯಾಟ್‌ನಲ್ಲಿರುತ್ತೆ, ಹಾಗಾಗಿ ಅದನ್ನ ಹಾಕಿದ್ರೆ ಇದೂ ನಿಧಾನ.

ಪೆನ್‌ಡ್ರೈವ್ ಅಂದಾಗ ನೆನಪಾಯ್ತು. ಮಗಳು ಸಿಇಟಿ ಪಾಠದ ವಿಡಿಯೋ ಹಾಕೋಕೆ ಹೋದಾಗ, 32 ಜಿಬಿ ಪೆನ್‌ಡ್ರೈವ್ ಹೆಚ್ಚುಕಡಿಮೆ ಖಾಲಿ ಇದ್ರೂ 5 ಜಿಬಿ ಫೈಲ್ ಹೋಗ್ತಾ ಇರಲಿಲ್ಲ. ಅದೂ ಜಾಗದ ತೊಂದರೆ ಅಲ್ಲ. ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ ಒಂದೇ ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಒಳಗಿದ್ದದ್ದನ್ನ ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ್ವಿ, ಹೋಯ್ತು.

ವಿಜ್‌ಟ್ರೀಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಳೆದದ್ದು ಯಾಕಂದ್ರೆ, ಅದರೊಳಗಿಂದಲೇ ಫೈಲ್ ಡಿಲೀಟ್ ಮಾಡಬಹುದು, ಗೊತ್ತಿಲ್ಲದವರ ಕೈಗೆ ಅದು ಒಳ್ಳೇದಲ್ಲ. ನಮ್ಮ ಸಿ ಡ್ರೈವ್‌ನಲ್ಲಿ ಹೈಬರ್‌ಫಿಲ್.ಸಿಸ್ ಅಂತ 3 ಜಿಬಿಗೂ ಮೇಲ್ಪಟ್ಟ ಫೈಲ್ ಕಾಣಿಸಿತು, ಅಳಿಸೋಕೆ ಕೈ ಹೋಯ್ತು. ಅದು ಕಂಪ್ಯೂಟರ್ ಹೈಬರ್ನೇಟ್ ಆದಾಗ ಬೇಕಾಗೋ ಫೈಲ್, ಬೇಡ ಅಂದ್ರೆ ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಆಫ್ ಮಾಡಬೇಕು, ಹಾಗೇ ಅಳಿಸೋದಲ್ಲ ಅಂತ ಅವನು ತಡೆದ. ನೀವೂ ವಿಂಡೋಸ್ ಫೋಲ್ಡರ್ ಒಳಗಿನದ್ದು, ಹೆಸರು ಗೊತ್ತಿಲ್ಲದ್ದು ಮುಟ್ಟಬೇಡಿ. ಮತ್ತೆ, ಡೌನ್‌ಲೋಡ್ ಅಂತ ದೊಡ್ಡ ಹಸಿರು ಬಟನ್ ಇರೋ ಬೇರೆ ಸೈಟ್‌ಗಳಿಂದ ತಗೋಬೇಡಿ, ವಿಜ್‌ಟ್ರೀಯವರದೇ ಸೈಟ್‌ಗೆ ಹೋಗಿ ತಗೊಳ್ಳಿ.