‘ರ’ದಿಂದ ಶುರುವಾಗುವ ತರಗತಿ: ನಲಿ-ಕಲಿಯ ಬಗ್ಗೆ ಪೋಷಕರೊಬ್ಬರ ವಿಮರ್ಶೆ

ಮಗಳು ಒಂದನೆಯ ತರಗತಿಗೆ ಸೇರಿದ ಹೊಸತರಲ್ಲಿ ಸ್ಲೇಟಿನ ತುಂಬ ‘ರ’ ಬರೆದುಕೊಂಡು ಮನೆಗೆ ಬಂದಳು. ‘ಅ’ ಎಲ್ಲಿ ಹೋಯಿತು ಎಂದು ನನ್ನ ತಾಯಿ ಕೇಳಿದರೆ, ‘ಅದು ಐದನೆಯದು ಅಜ್ಜಿ’ ಎಂಬ ಉತ್ತರ ಬಂತು. ಅಕ್ಷರಮಾಲೆಯನ್ನೇ ತಲೆಕೆಳಗು ಮಾಡುವ ಶಾಲೆಗೆ ಮಗುವನ್ನು ಕಳಿಸಿದ್ದೇವೆ ಎಂಬ ಅವರ ಅಸಮಾಧಾನ ತಣಿಯಲು ಒಂದು ಮಳೆಗಾಲವೇ ಬೇಕಾಯಿತು.

ಕಾರವಾರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ತರಗತಿಯನ್ನು, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ತರಗತಿಯನ್ನು, ಎರಡು ವರ್ಷ ಹತ್ತಿರದಿಂದ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಶುಲ್ಕವಿಲ್ಲ, ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲವೂ ಶಾಲೆಯದೇ. ಪುಕ್ಕಟೆ ಸಿಗುವುದನ್ನು ವಿಮರ್ಶಿಸಬಾರದು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ನಾನು ನಂಬಿಲ್ಲ.

ಮೊದಲು ಆ ‘ರ’ದ ವಿಷಯ. ಇಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಅದರ ನಂತರ ಜ, ವ, ಮ, ಬ, ನ ಬರುತ್ತವೆ. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಾದ ಅಕ್ಷರಗಳನ್ನು ಮುಂದಿಟ್ಟಿರುವುದು ಒಂದು ಕಾರಣವಾದರೆ, ಅವುಗಳಿಂದ ಕೂಡಲೇ ಪದ ಕಟ್ಟಬಹುದೆಂಬುದು ಇನ್ನೊಂದು. ಐದೇ ಅಕ್ಷರ ಬಲ್ಲ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ‘ಅ, ಆ, ಇ, ಈ’ ಎಂದು ಹೊರಟರೆ ‘ಋ’ ಮತ್ತು ‘ಔ’ಗಳನ್ನು ದಾಟಿ ವ್ಯಂಜನಗಳನ್ನು ಮುಟ್ಟುವವರೆಗೂ ಓದಲು ಹೇಳಿಕೊಳ್ಳುವಂಥ ಪದವೇ ಸಿಗುವುದಿಲ್ಲ. ಬಡಗಿಯ ಅಂಗಡಿಯ ಮುಂದೆ ನಿಂತು ಮಗಳು ‘ಗರಗಸ’ ಎಂದು ಕೂಗಿದ ದಿನ ನನ್ನ ತಾಯಿಯ ತಕರಾರು ಅರ್ಧಕ್ಕೆ ಇಳಿಯಿತು.

ಒಂದು ಬೆಳಿಗ್ಗೆ ಅಕ್ಕೋರ, ಅಂದರೆ ಶಿಕ್ಷಕಿಯ, ಅನುಮತಿ ಪಡೆದು ತರಗತಿಯಲ್ಲಿ ಕುಳಿತಿದ್ದೆ. ಮಕ್ಕಳು ಮೊದಲು ಹವಾಮಾನ ನಕ್ಷೆಯಲ್ಲಿ ಆ ದಿನದ ಚಿತ್ರವನ್ನು ಗುರುತಿಸುತ್ತಾರೆ. ಕರಾವಳಿಯಲ್ಲಿ ಜೂನ್‌ನಿಂದ ಮೂರು ತಿಂಗಳು ಈ ಕೆಲಸಕ್ಕೆ ಯೋಚನೆಯೇ ಬೇಡ. ನಂತರ, ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು, ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡನ್ನು ತಾನೇ ಹುಡುಕಿ ತಂದು, ಅದಕ್ಕೆ ಹೊಂದುವ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂರಬೇಕು. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ನಮ್ಮ ಕಡೆಯ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಒಬ್ಬ ಹುಡುಗ ‘ಮರ’ದ ಚಿತ್ರ ನೋಡಿ ‘ಝಾಡ’ ಎಂದ. ಅಕ್ಕೋರು ತಪ್ಪು ಎನ್ನಲಿಲ್ಲ. ‘ಹೌದು, ಝಾಡ. ಕನ್ನಡದಲ್ಲಿ ಏನಂತಾರೆ?’ ಎಂದು ಪಕ್ಕದ ಹುಡುಗಿಯ ಕಡೆ ತಿರುಗಿದರು. ಅವಳು ಹೇಳಿದಳು, ಅವನು ಬೆರಳಿಟ್ಟು ‘ಮ’, ‘ರ’ ಎಂದು ಓದಿದ. ಇಡೀ ವ್ಯವಹಾರ ಅರ್ಧ ನಿಮಿಷದ್ದು. ನಾನು ಚಿಕ್ಕವನಿದ್ದಾಗ ಇದೇ ತಪ್ಪಿಗೆ ಬೆಂಚಿನ ಮೇಲೆ ನಿಂತಿದ್ದೆ.

ಗಣಿತವೂ ಚೆನ್ನಾಗಿದೆ. ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ಬಿಡಿಗಳಿಗೆ ಸೇರಿಸಿಯೇ ‘ದಶಕ ತೆಗೆದುಕೊಳ್ಳುವುದು’ ಎಂದರೇನೆಂದು ಮಗಳಿಗೆ ಅರ್ಥವಾಯಿತು. ಇಂಗ್ಲಿಷ್ ಮಾತ್ರ ಹಾಡು ಮತ್ತು ಬಿಡಿ ಪದಗಳಿಂದಾಚೆಗೆ ಹೋಗಿಲ್ಲ.

ನಮ್ಮ ಜಿಲ್ಲೆಗೆ ಈ ಪದ್ಧತಿಯಿಂದ ಒಂದು ವಿಶೇಷ ಅನುಕೂಲವಿದೆ. ಮಳೆಯ ರಜೆ ಘೋಷಣೆಯಾದರೆ, ಅಥವಾ ಹಳ್ಳ ತುಂಬಿ ಮಗು ನಾಲ್ಕು ದಿನ ಬಾರದಿದ್ದರೆ, ಪಾಠವು ಅವಳನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಅವಳು ಬಿಟ್ಟುಹೋದ ಮೆಟ್ಟಿಲು ಏಣಿಯಲ್ಲಿ ಹಾಗೆಯೇ ಇರುತ್ತದೆ.

ಕೊರತೆಗಳು ಸಣ್ಣವಲ್ಲ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದು, ಒಬ್ಬರೇ ಶಿಕ್ಷಕಿ ಇದ್ದಾರೆ. ಅವರನ್ನು ಸಭೆಗೋ ತರಬೇತಿಗೋ ಕರೆದ ದಿನ ಶಿಕ್ಷಕರ ನೆರವಿನ ತಟ್ಟೆ ನಿಂತೇಹೋಗುತ್ತದೆ, ಉಳಿದ ಮಕ್ಕಳು ಬಲ್ಲ ಕಾರ್ಡನ್ನೇ ಮತ್ತೆ ಮತ್ತೆ ತಿರುವುತ್ತಾರೆ. ಎರಡನೆಯದು ಕಾರ್ಡುಗಳ ಸ್ಥಿತಿ. ಕಡಲ ತೇವಕ್ಕೆ ಅಂಚು ಸುಲಿದು, ಒಂದಕ್ಕೊಂದು ಅಂಟಿಕೊಂಡು, ಕೆಲವು ಕಾಣೆಯೇ ಆಗಿವೆ. ಮಗಳು ಒಂದು ಮೆಟ್ಟಿಲಿನಲ್ಲಿ ಎಂಟು ದಿನ ನಿಂತದ್ದು ಅವಳಿಗೆ ಬಾರದೆಂದಲ್ಲ, ಆ ಕಾರ್ಡೇ ಇರಲಿಲ್ಲ. ಅದು ನಮಗೆ ತಿಳಿದದ್ದು ನಾವಾಗಿ ಹೋಗಿ ಕೇಳಿದ ಮೇಲೆ. ಮಗು ಎಲ್ಲಿಯವರೆಗೆ ಕಲಿತಿದೆ ಎಂದು ದಾಖಲಿಸುವ ಪ್ರಗತಿ ನೋಟವನ್ನು ಓದುವುದು ಹೇಗೆಂದು ಪೋಷಕರಿಗೆ ಯಾರೂ ಕೂರಿಸಿ ಹೇಳುವುದಿಲ್ಲ. ಹೋಂವರ್ಕ್ ಪುಟಗಳನ್ನು ಎಣಿಸಿ ಕಲಿಕೆ ಅಳೆಯುವ ಅಭ್ಯಾಸವಿರುವವರು ಹೀಗಾಗಿಯೇ ಗಾಬರಿಯಾಗಿ ಮಗುವನ್ನು ಬೇರೆ ಶಾಲೆಗೆ ಒಯ್ಯುತ್ತಾರೆ.

ಇಷ್ಟಾದರೂ ಮಗನನ್ನು ಮುಂದಿನ ಜೂನ್‌ನಲ್ಲಿ ಇಲ್ಲಿಗೇ ಸೇರಿಸಲಿದ್ದೇವೆ. ಈ ಬಾರಿ ಮೊದಲ ವಾರವೇ ಕಾರ್ಡುಗಳ ಟ್ರೇಯನ್ನು ಏಣಿಯೊಂದಿಗೆ ತಾಳೆ ನೋಡಿ, ಇಲ್ಲದವುಗಳ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಒಯ್ಯುವುದೆಂದು ಅಕ್ಕೋರೊಂದಿಗೆ ಮಾತಾಗಿದೆ.