ಧಮ್ಮ ಪಫುಲ್ಲದ ಹತ್ತು ದಿನ: ಎಲ್ಲಿ ಗಟ್ಟಿ, ಎಲ್ಲಿ ಎಡವುತ್ತಾರೆ

ಬೆಂಗಳೂರಿನ ತುಮಕೂರು ರಸ್ತೆಯಿಂದ ಒಳಗೆ, ಆಲೂರು ಗ್ರಾಮದಲ್ಲಿ ವಿಪಶ್ಯನ ಧ್ಯಾನ ಕೇಂದ್ರ ಧಮ್ಮ ಪಫುಲ್ಲ ಇದೆ. ಹತ್ತು ದಿನದ ಶಿಬಿರ ಅಂದರೂ ರಜೆ ಹಾಕಬೇಕಾದ್ದು ಹನ್ನೆರಡು ದಿನ: ಮುನ್ನಾದಿನ ಮಧ್ಯಾಹ್ನವೇ ಹೋಗಿ ಹೆಸರು ಬರೆಸಬೇಕು, ಹನ್ನೊಂದನೇ ದಿನ ಬೆಳಿಗ್ಗೆ ಬಿಡುತ್ತಾರೆ. ಶುಲ್ಕವಿಲ್ಲ. ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಕೋಣೆ ಹಿಡಿಯುವ ದಾರಿಯೇ ಇಲ್ಲ.

ಪೈಪೋಟಿಯಲ್ಲಿ ದಣಿದವರಿಗೆ ಈ ಶಿಬಿರ ಒಗ್ಗುವುದು ಈ ವ್ಯವಸ್ಥೆಯಿಂದಲೇ. ಮಾತಿಲ್ಲ, ಸನ್ನೆಯಿಲ್ಲ, ಫೋನು, ಪುಸ್ತಕ, ಪೆನ್ನು ಯಾವುದೂ ಇಲ್ಲ. ಪಕ್ಕದವರ ಹುದ್ದೆ, ಸಂಬಳ ಗೊತ್ತಾಗುವುದು ಹತ್ತನೇ ದಿನ ಮೌನ ಬಿಟ್ಟ ಮೇಲೆಯೇ. ಈ ಪದ್ಧತಿಯನ್ನು ಕಟ್ಟಿದವರೂ ದುಡಿಮೆಯ ಲೋಕದವರೇ ಎಂಬುದು ನೆನಪಿರಲಿ. ಸಯಾಜಿ (ಗುರು) ಊ ಬಾ ಖಿನ್ 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು. 1955ರಲ್ಲಿ ಅವರ ಬಳಿ ಕಲಿಯಲು ಬಂದ ಎಸ್. ಎನ್. ಗೋಯೆಂಕಾ ಮೈಗ್ರೇನ್‌ನಿಂದ ನರಳುತ್ತಿದ್ದ ದೊಡ್ಡ ವ್ಯಾಪಾರಿ.

ಬೆಳಿಗ್ಗೆ 4ಕ್ಕೆ ಗಂಟೆ ಬಾರಿಸುತ್ತಾರೆ, ರಾತ್ರಿ 9:30ಕ್ಕೆ ದೀಪ ಆರುತ್ತದೆ. ನಡುವೆ ಹತ್ತು ಗಂಟೆಗೂ ಮಿಕ್ಕಿ ಧ್ಯಾನ. ಮೊದಲ ಮೂರು ದಿನ ಆನಾಪಾನ: ಉಸಿರನ್ನು ಎಳೆಯದೆ, ತಡೆಯದೆ, ಬಂದಂತೆ ಗಮನಿಸುವುದು; ಮೂರನೇ ದಿನದ ಹೊತ್ತಿಗೆ ಗಮನ ಮೂಗಿನ ಕೆಳಗೆ, ಮೇಲ್ತುಟಿಯ ಮೇಲಿನ ಪುಟ್ಟ ಜಾಗಕ್ಕೆ ಇಳಿಯುತ್ತದೆ. ನಾಲ್ಕನೇ ದಿನ ವಿಪಶ್ಯನ: ನೆತ್ತಿಯಿಂದ ಅಂಗಾಲಿನವರೆಗೆ ಸಂವೇದನೆಗಳನ್ನು ನೋಡುತ್ತ ಹೋಗುವುದು.

ಎಡವಟ್ಟು ಶುರುವಾಗುವುದೂ ಇಲ್ಲಿಂದಲೇ. ಬೆಳಿಗ್ಗೆ 8, ಮಧ್ಯಾಹ್ನ 2:30, ಸಂಜೆ 6ರ ಸಾಮೂಹಿಕ ಧ್ಯಾನದಲ್ಲಿ ಒಂದು ಗಂಟೆ ಕಣ್ಣು, ಕೈ, ಕಾಲು ಬಿಚ್ಚದೆ ಕೂರುವ ಅಧಿಷ್ಠಾನ ಇರುತ್ತದೆ. ಹೊರಗೆ ರ‍್ಯಾಂಕು, ಅಪ್ರೈಸಲ್ ಅಂತ ಓಡಿದ ಮನಸ್ಸು ಇದನ್ನೇ ಪಂದ್ಯ ಮಾಡಿಕೊಳ್ಳುತ್ತದೆ. ಪಕ್ಕದವರು ಅಲ್ಲಾಡಲಿಲ್ಲ, ನಾನೂ ಅಲ್ಲಾಡಬಾರದು ಎಂದು ಹಲ್ಲು ಕಚ್ಚಿದರೆ ದವಡೆ, ಭುಜ, ಹೊಟ್ಟೆ ಬಿಗಿಯುತ್ತವೆ. ಆಮೇಲೆ ನೋಡುತ್ತಿರುವುದು ಮಂಡಿನೋವನ್ನಲ್ಲ, ಆ ಬಿಗಿತವನ್ನು. ಅಭ್ಯಾಸದ ತಿರುಳು ನೋವನ್ನು ಗೆಲ್ಲುವುದರಲ್ಲಿಲ್ಲ, ನೋವಿಗೆ ಮನಸ್ಸು ಹಾರಿಬೀಳದಂತೆ ನೋಡುವುದರಲ್ಲಿದೆ. ತಡೆಯಲಾಗದಿದ್ದರೆ ಒಮ್ಮೆ ನಿಧಾನವಾಗಿ ಕಾಲು ಬದಲಿಸಿ ಮತ್ತೆ ಕೂರಿ, ಅದು ಸೋಲಲ್ಲ. ಇನ್ನೊಂದು ಬಲೆ ಮೈಯೆಲ್ಲ ಹರಿಯುವ ನವಿರಾದ ಝುಮ್ಮೆನಿಸುವಿಕೆ. ನಿನ್ನೆ ಬಂದದ್ದು ಇವತ್ತು ಬರಲಿಲ್ಲವೆಂದು ಅದರ ಬೆನ್ನು ಹತ್ತಿದರೆ ಇಡೀ ದಿನ ಹಾಳು.

ಕೂರುವ ಎತ್ತರ ಸರಿಯಿಲ್ಲದೆ ನರಳುವವರೇ ಹೆಚ್ಚು. ಮಂಡಿ ಸೊಂಟಕ್ಕಿಂತ ಕೆಳಗಿದ್ದು ನೆಲಕ್ಕೆ ತಾಗಬೇಕು. ತಾಗುವವರೆಗೆ ದಿಂಬು ಏರಿಸಿ, ತಾಗದ ಮಂಡಿಯ ಕೆಳಗೆ ಮಡಚಿದ ಬಟ್ಟೆ ತುರುಕಿ. ಮೊದಲ ದಿನವೇ ಇದನ್ನು ಮುಗಿಸಿಕೊಳ್ಳಿ, ದಿನವೂ ದಿಂಬಿನ ಗೋಪುರ ಬದಲಿಸುತ್ತ ಕೂತರೆ ಬೆನ್ನು ಒಗ್ಗುವುದೇ ಇಲ್ಲ. ಮಂಡಿ, ಬೆನ್ನಿನ ತೊಂದರೆ ಇದ್ದವರು ಕುರ್ಚಿ ಕೇಳಿ. ಊಟ 11ಕ್ಕೆ, ಸಂಜೆ 5ಕ್ಕೆ ಹೊಸಬರಿಗೆ ಚಹಾ ಮತ್ತು ಲಘು ತಿಂಡಿ, ಹಳಬರಿಗೆ ನಿಂಬೆ ನೀರು ಮಾತ್ರ. ರಾತ್ರಿ ಊಟವಿಲ್ಲವೆಂದು 11ಕ್ಕೇ ಹೊಟ್ಟೆ ಬಿರಿಯ ಉಂಡರೆ 1ರಿಂದ 2:30ರವರೆಗೆ ತೂಕಡಿಕೆ ತಪ್ಪದು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವಕ್ಕೆ ಶಾಲು ಬೇಕೇ ಬೇಕು.

ಕೊರತೆಯೂ ಇದೆ. ಆಚಾರ್ಯರ ಜೊತೆ ಮಧ್ಯಾಹ್ನದ ಮಾತುಕತೆ ಕೆಲವೇ ನಿಮಿಷ. ಬೇಕಾದ ಒಂದೇ ಪ್ರಶ್ನೆಯನ್ನು ಮೊದಲೇ ಜೋಡಿಸಿಕೊಂಡು ಹೋಗಿ. ರಾತ್ರಿಯ ಪ್ರವಚನ ಧ್ವನಿಮುದ್ರಿತವಾದ್ದರಿಂದ ಎದುರು ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಗಂಭೀರ ಮಾನಸಿಕ ಕಾಯಿಲೆ ಇದ್ದವರಿಗೆ ಇಷ್ಟು ದೀರ್ಘ ಮೌನ ಅಪಾಯವಾಗಬಹುದು. ಅರ್ಜಿಯಲ್ಲಿ ಕಾಯಿಲೆ, ಮಾತ್ರೆಗಳ ವಿವರ ಮುಚ್ಚಿಡಬೇಡಿ, ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಲೇಬೇಡಿ.

ಮನೆಗೆ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳುತ್ತಾರೆ. ಬಹಳಷ್ಟು ಜನ ಬಿಡುವುದು ಸಂಜೆಯದನ್ನು, ಅದೂ ಊಟದ ನಂತರಕ್ಕೆ ತಳ್ಳಿ. ಕೆಲಸದಿಂದ ಬಂದು ಕೈಕಾಲು ತೊಳೆದ ಕೂಡಲೇ ಕೂತರೆ ಅದು ಉಳಿಯುತ್ತದೆ. ಎಷ್ಟು ದಿನ ಸತತ ಕೂತಿರಿ ಎಂದು ಎಣಿಸುವ ಆ್ಯಪನ್ನು ಮಾತ್ರ ಹಾಕಿಕೊಳ್ಳಬೇಡಿ. ಸಾದಾ ಅಲಾರಾಂ ಸಾಕು.