ಅಜ್ಜನ ಡಯಾನಾ 27: ಬಿಚ್ಚಿ ಜೋಡಿಸಿ ಆರು ವರ್ಷ ಕಳೆದ ಮೇಲೆ

ಸಕಲೇಶಪುರದ ಹತ್ತಿರದ ನಮ್ಮ ತೋಟದ ಮನೆಯ ಅಟ್ಟದಲ್ಲಿ ಗೋಣಿಚೀಲ ಸುತ್ತಿ ಇಟ್ಟಿದ್ದ ಏರ್‌ಗನ್ ಇದು. ಜರ್ಮನಿಯ ರಾಸ್ಟಾಟ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಡಯಾನಾ ಮಾಡೆಲ್ 27, 0.177 ಬೋರ್, ಅಂದರೆ ನಳಿಗೆಯ ಒಳ ಅಗಲ 0.177 ಇಂಚು. ಸಿಲಿಂಡರಿನ ಹಿಂಬದಿಯಲ್ಲಿ ಸಣ್ಣಗೆ '06 67' ಎಂದು ಒತ್ತಿದ್ದಾರೆ, ಅಂದರೆ 1967ರ ಜೂನ್. ಅದರ ಮೇಲಿನ ಮುದ್ರೆಯನ್ನು ಚಿಕ್ಕಂದಿನಲ್ಲಿ ಬೆರಳಾಡಿಸಿ ನೋಡುತ್ತಿದ್ದೆ: ಬೇಟೆಯ ದೇವತೆ ಡಯಾನಾ ತನ್ನ ಬಿಲ್ಲನ್ನು ಎಸೆದು ಏರ್‌ಗನ್ನನ್ನು ತಲೆಯ ಮೇಲೆತ್ತಿ ಹಿಡಿದಿದ್ದಾಳೆ. 2018ರ ಬೇಸಿಗೆಯಲ್ಲಿ ಇದನ್ನು ಪೂರ್ತಿ ಬಿಚ್ಚಿ ಸರಿಮಾಡಿದೆ. ಅಲ್ಲಿಂದ ಆರು ವರ್ಷ, ವಾರಕ್ಕೆ ಸುಮಾರು 50 ಪೆಲೆಟ್ (ಸೀಸದ ಸಣ್ಣ ಗುಂಡು) ಲೆಕ್ಕದಲ್ಲಿ, ಕಾಫಿ ಒಣಗಿಸುವ ಕಣದ ತುದಿಯಲ್ಲಿ ಕಾಗದದ ಗುರಿಗೆ ಹೊಡೆಯುತ್ತಾ ಬಂದಿದ್ದೇನೆ. ಹಕ್ಕಿಗೆ, ಮಂಗಕ್ಕೆ ಎಂದೂ ಹಿಡಿದಿಲ್ಲ, ಹಿಡಿಯುವುದೂ ಇಲ್ಲ.

ಅಟ್ಟದಿಂದ ಇಳಿಸಿದ ದಿನ ಹೇಗಿತ್ತು ಅಂದರೆ, ಟ್ರಿಗರ್ ಒತ್ತಿದರೆ 'ಟೊಂಯ್‌ಯ್' ಎಂದು ಕೆನ್ನೆಯವರೆಗೂ ಅದುರುತ್ತಿತ್ತು. ಪೆಲೆಟ್ ಹೊರಟು ಹೋದ ಮೇಲೂ ಒಳಗೆ ಸ್ಪ್ರಿಂಗ್ ಝೇಂಕರಿಸುವುದು ಕೇಳಿಸುತ್ತಿತ್ತು. ಗೆಳೆಯರೊಬ್ಬರ ಬಳಿ ವೇಗ ಅಳೆಯುವ ಕ್ರೋನೋಗ್ರಾಫ್ ಇತ್ತು. ಅದರಲ್ಲಿ ಸೆಕೆಂಡಿಗೆ 128 ಮೀಟರ್ ಆಸುಪಾಸು, ಅದೂ ಒಂದು ಸಲ ಇದ್ದಂತೆ ಇನ್ನೊಂದು ಸಲ ಇಲ್ಲ. 10 ಮೀಟರ್ ದೂರದಲ್ಲಿ ಐದು ಪೆಲೆಟ್ 45 ಮಿಲಿಮೀಟರ್ ಅಗಲಕ್ಕೆ ಚದುರುತ್ತಿದ್ದವು.

ಆಗ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಳೆಯ ಏರ್‌ಗನ್ ಕೈಗೆ ಬಂದವರು ಬಹುಪಾಲು ಇದನ್ನೇ ಮಾಡುತ್ತಾರೆ. 'ಪವರ್ ಜಾಸ್ತಿ ಆಗತ್ತೆ' ಎಂದು ಅಂಗಡಿಯವರು ಕೊಟ್ಟ ದಪ್ಪ ತಂತಿಯ ಹೊಸ ಸ್ಪ್ರಿಂಗ್ ತಂದು ಹಾಕಿದೆ. ವೇಗವೇನೋ 176ಕ್ಕೆ ಏರಿತು. ಆದರೆ ನಳಿಗೆ ಮಡಿಚಲು ತೊಡೆಯ ಮೇಲೆ ಊರಿ ಹೆಣಗಬೇಕಾಯಿತು, ಹತ್ತು ಹೊಡೆತಕ್ಕೊಮ್ಮೆ ದಸ್ತಿನ (ಮರದ ಹಿಡಿಕೆಯ) ಸ್ಕ್ರೂ ಸಡಿಲವಾಯಿತು, ಪೆಲೆಟ್ಟುಗಳು 60 ಮಿಲಿಮೀಟರಿಗೆ ಹರಡಿದವು. ಕಾರಣ ತಿಳಿದದ್ದು ಆಮೇಲೆ. ನಳಿಗೆ ಮಡಿಚಿದಾಗ ಅದುಮಿಕೊಂಡ ಸ್ಪ್ರಿಂಗ್, ಟ್ರಿಗರ್ ಒತ್ತಿದೊಡನೆ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ರಭಸದಿಂದ ನುಗ್ಗಿ ಮುಂದಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟ್ಟನ್ನು ದೂಡುತ್ತದೆ. ಆ ಒತ್ತಿದ ಗಾಳಿಯೇ ಮೆತ್ತೆಯಾಗಿ ಪಿಸ್ಟನ್ನನ್ನು ತಡೆಯುತ್ತದೆ. ಸ್ಪ್ರಿಂಗ್ ಮಿತಿಮೀರಿದರೆ ಪಿಸ್ಟನ್ ಆ ಮೆತ್ತೆಗೆ ಬಡಿದು ಚೆಂಡಿನಂತೆ ಹಿಂದಕ್ಕೆ ಪುಟಿಯುತ್ತದೆ. ಹೆಚ್ಚಿಗೆ ಕೊಟ್ಟ ಶಕ್ತಿಯ ಬಹುಪಾಲು ಪೆಲೆಟ್ಟಿಗೆ ಹೋಗದೆ ನಮ್ಮ ಭುಜಕ್ಕೇ ಬರುತ್ತದೆ. ಆ ಸ್ಪ್ರಿಂಗನ್ನು ಒಂದು ತಿಂಗಳಿಗೆ ತೆಗೆದು ಬಿಸಾಕಿದೆ.

ನಿಜವಾದ ಪರಿಹಾರ ಸಿಕ್ಕಿದ್ದು ಹಾಸನದ ಒಂದು ಲೇತ್ ಅಂಗಡಿಯಲ್ಲಿ. ಹಳೇ ಸ್ಪ್ರಿಂಗು, ಅದರ ಒಳಗೆ ಕೂರುವ ತಗಡಿನ ಗೈಡು, ಎರಡನ್ನೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ಅಂಗಡಿಯವರು ಹೇಳಿದ್ದು ಇಷ್ಟು: 'ಇಷ್ಟೊಂದು ಪ್ಲೇ (ಸಡಿಲು) ಇದ್ರೆ ಒಳಗೇ ಬಡ್ಕೊಳ್ದೆ ಇನ್ನೇನ್ ಮಾಡತ್ತೆ ಸಾರ್?' ಅರ್ಧ ದಿನ ಕೂತು ನೈಲಾನ್ ರಾಡಿನಲ್ಲಿ ಹೊಸ ಗೈಡ್ ಕಡೆದುಕೊಟ್ಟರು. ಸ್ಪ್ರಿಂಗಿನೊಳಗೆ ಕೈಯಿಂದ ತಿರುಗಿಸಿದರೆ ಮಾತ್ರ ಹೋಗಬೇಕು, ತಾನಾಗಿ ಜಾರಬಾರದು, ಅಷ್ಟು ಬಿಗಿ. ಸ್ಪ್ರಿಂಗಿನ ಇನ್ನೊಂದು ತುದಿಗೆ, ಪಿಸ್ಟನ್ನಿನ ಒಳಗೆ ಕೂರುವಂತೆ ಟೋಪಿಯಾಕಾರದ ಒಂದು ಬಿಲ್ಲೆ. ಸ್ಪ್ರಿಂಗೂ ಹೊಸದೇ, ಆದರೆ ಮೊದಲಿನಷ್ಟೇ ದಪ್ಪದ ತಂತಿ. ಅದರ ಎರಡೂ ತುದಿಗಳನ್ನು ಎಣ್ಣೆಗಲ್ಲಿನ ಮೇಲೆ ಉಜ್ಜಿ ಕನ್ನಡಿಯಂತೆ ಮಾಡಿಕೊಂಡೆ. ಸ್ಪ್ರಿಂಗ್ ಅದುಮಿದಾಗ, ಬಿಟ್ಟಾಗ ತುಸು ತಿರುಗುತ್ತದೆ. ತುದಿ ಒರಟಾಗಿದ್ದರೆ ಅದು ಕಚ್ಚಿಕೊಂಡು ಗನ್ನನ್ನೇ ತಿರುಚುತ್ತದೆ.

ಬಿಚ್ಚುವವರಿಗೆ ಕಳಕಳಿಯಿಂದ ಒಂದು ಮಾತು. ಸ್ಪ್ರಿಂಗ್ ಒಳಗೆ ಅರ್ಧಂಬರ್ಧ ಅದುಮಿಕೊಂಡೇ ಇರುತ್ತದೆ. ಬಡಗಿಯವರ ಉದ್ದನೆಯ ಬಾರ್ ಕ್ಲ್ಯಾಂಪಿನಲ್ಲಿ ಹಿಂಬದಿಯನ್ನು ಒತ್ತಿ ಹಿಡಿದು, ಆಮೇಲೆ ಅಡ್ಡ ಪಿನ್ನು ಹೊಡೆದು ತೆಗೆದು, ಕ್ಲ್ಯಾಂಪನ್ನು ನಿಧಾನಕ್ಕೆ ಸಡಿಲಿಸಬೇಕು. ಬರೀ ಕೈಯಲ್ಲಿ ಪಿನ್ ಎಳೆದರೆ ಲೋಹದ ತುಂಡು ನೇರ ಎದೆಗೋ ಮುಖಕ್ಕೋ ಹಾರುತ್ತದೆ. ಇನ್ನೊಂದು, ಪೆಲೆಟ್ ತುಂಬುವಾಗ ಮಡಿಚಿದ ನಳಿಗೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇರಿ. ಸವೆದ ಟ್ರಿಗರ್ ಜಾರಿದರೆ ನಳಿಗೆ ಪಟ್ಟನೆ ಮುಚ್ಚಿಕೊಂಡು ಬೆರಳು ಹೋಗುತ್ತದೆ.

ಮಾಡೆಲ್ 27ರ ಟ್ರಿಗರ್ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಕೊಕ್ಕೆಯ ಬದಲು ಮೂರು ಸಣ್ಣ ಉಕ್ಕಿನ ಗೋಲಿಗಳು ಪಿಸ್ಟನ್ ಕಡ್ಡಿಯ ಕುತ್ತಿಗೆಯನ್ನು ಸುತ್ತಲಿಂದ ಹಿಡಿದುಕೊಳ್ಳುತ್ತವೆ. ಟ್ರಿಗರ್ ಒತ್ತಿದಾಗ ಗೋಲಿಗಳಿಗೆ ಹೊರಸರಿಯಲು ಜಾಗವಾಗಿ ಪಿಸ್ಟನ್ ಬಿಡುಗಡೆಯಾಗುತ್ತದೆ. ಭಾರ ಮೂರೂ ಕಡೆ ಹಂಚಿಹೋಗುವುದರಿಂದ ಐವತ್ತು ವರ್ಷ ಕಳೆದರೂ ಸವೆತವೇ ಕಾಣಲಿಲ್ಲ. ನಾನು ಮಾಡಿದ್ದು ಗಟ್ಟಿಯಾದ ಹಳೆಯ ಜಿಡ್ಡು ತೊಳೆದದ್ದು ಮಾತ್ರ. ತಿರುಗಿ ಜೋಡಿಸುವಾಗ ಗೋಲಿಗಳನ್ನು ಒಂದು ಚಿಟಿಕೆ ಗ್ರೀಸಿನಲ್ಲಿ ಅಂಟಿಸಿ ನಿಲ್ಲಿಸಬೇಕು. ಒಂದು ಗೋಲಿ ಜಾರಿ ಹಲಗೆಯ ಸಂದಿಗೆ ಉರುಳಿ, ಅಯಸ್ಕಾಂತ ಕಟ್ಟಿದ ದಾರ ಇಳಿಬಿಟ್ಟು ಹುಡುಕುವುದರಲ್ಲಿ ಒಂದು ಸಂಜೆ ಕಳೆಯಿತು.

ಪಿಸ್ಟನ್ನಿನ ಮುಂದಿನ ವಾಷರ್ ತೊಗಲಿನದು. ಸೈಕಲ್ ಪಂಪಿನ ವಾಷರ್ ಒಣಗಿದರೆ ಗಾಳಿ ಹೇಗೆ ಹಿಂದಕ್ಕೆ ನುಸುಳುತ್ತದೋ ಇಲ್ಲಿಯೂ ಹಾಗೇ. ಎರಡು ದಿನ ಎಣ್ಣೆಯಲ್ಲಿ ನೆನೆಹಾಕಿದೆ, ಮತ್ತೆ ಮೆತ್ತಗಾಗಿ ಅಂಚು ಅರಳಿತು. ನಳಿಗೆಯ ಬುಡದಲ್ಲಿರುವ ಸೀಲು ಮಾತ್ರ ಚಪ್ಪಟೆಯಾಗಿತ್ತು. ಅಲ್ಲಿ ಸೋರುತ್ತದೆಯೇ ಎಂದು ನೋಡಲು ಸುಲಭದ ದಾರಿ ಇದೆ: ನಳಿಗೆ ಮಡಿಚುವ ಕೀಲಿನ ಮೇಲೆ ತೆಳ್ಳಗಿನ ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆಯಿರಿ. ನನ್ನದು ಪತಂಗದಂತೆ ಹಾರಿಹೋಯಿತು. ಹಳೇ ಬೆಲ್ಟಿನ ತೊಗಲಿನಲ್ಲಿ ಬಿಲ್ಲೆ ಕತ್ತರಿಸಿ ಕೂರಿಸಿದ ಮೇಲೆ ಕಾಗದ ಇದ್ದಲ್ಲೇ ಕೂತಿತು.

ಪಿಸ್ಟನ್ನಿನ ಪಕ್ಕಕ್ಕೆ ಕಪ್ಪು ಮೋಲಿ (ಮಾಲಿಬ್ಡಿನಮ್ ಬೆರೆಸಿದ) ಗ್ರೀಸ್ ತೆಳ್ಳಗೆ, ಸ್ಪ್ರಿಂಗಿಗೆ ಜಿಗುಟಾದ ಗಟ್ಟಿ ಗ್ರೀಸ್ ಅದಕ್ಕಿಂತಲೂ ತೆಳ್ಳಗೆ. ಝೇಂಕಾರ ಅಡಗಲಿ ಎಂದು ಗ್ರೀಸ್ ಮೆತ್ತುವವರಿದ್ದಾರೆ. ಶಬ್ದ ಅಡಗುತ್ತದೆ ನಿಜ, ಜೊತೆಗೆ ಪಿಸ್ಟನ್ನೂ ಕೆಸರಿನಲ್ಲಿ ಸಿಕ್ಕ ಗಾಲಿಯಂತೆ ನಿಧಾನವಾಗುತ್ತದೆ. ಗೈಡ್ ಬಿಗಿಯಾಗಿದ್ದರೆ ಅಷ್ಟು ಗ್ರೀಸೇ ಬೇಡ. ವಾಷರಿನ ಮುಂದೆ ಜಿಡ್ಡು ಹೋದರೆ ಬಿಸಿಯಾದ ಗಾಳಿಗೆ ಅದು ಹೊತ್ತಿಕೊಂಡು ಹೊಗೆ ಬರುತ್ತದೆ, ಡೀಸೆಲ್ ಎಂಜಿನಿನಲ್ಲಿ ಆಗುವಂತೆ. ಮೊದಲ ಹತ್ತಿಪ್ಪತ್ತು ಹೊಡೆತಕ್ಕೆ ನನಗೂ ಹೊಗೆ ಕಂಡಿತು, ಆಮೇಲೆ ನಿಂತಿತು.

ಜೋಡಿಸಿ ಹೊಡೆದ ಮೊದಲ ಪೆಲೆಟ್ಟಿನ ಸದ್ದು ಇನ್ನೂ ಕಿವಿಯಲ್ಲಿದೆ: ಬರೀ 'ಠಪ್'. ದಪ್ಪ ಪುಸ್ತಕ ಮುಚ್ಚಿದ ಹಾಗೆ. ವೇಗ 158 ಮೀಟರ್. 0.51 ಗ್ರಾಂ ಪೆಲೆಟ್ಟಿಗೆ ಲೆಕ್ಕ ಹಾಕಿದರೆ ಶಕ್ತಿ ಆರೂಕಾಲು ಜೂಲ್‌ಗಿಂತ ಒಂಚೂರು ಹೆಚ್ಚು. ನಮ್ಮಲ್ಲಿ 0.177 ಬೋರಿನ ಏರ್‌ಗನ್ನಿಗೆ 20 ಜೂಲ್ ದಾಟಿದರೆ ಮಾತ್ರ ಲೈಸೆನ್ಸ್ ಬೇಕು. ಇದು ಅದರ ಮೂರನೇ ಒಂದು ಭಾಗವೂ ಇಲ್ಲ. ದಪ್ಪ ಸ್ಪ್ರಿಂಗಿಗಿಂತ ವೇಗ ಕಡಿಮೆ, ಆದರೆ ಐದು ಪೆಲೆಟ್ 18 ಮಿಲಿಮೀಟರಿನೊಳಗೆ. ಮನೆಯವರು ಕಣದಾಚೆಯಿಂದ 'ಹೊಡೆದ್ರಾ, ಇಲ್ವಾ?' ಎಂದು ಕೂಗಿ ಕೇಳಿದರು.

ಹಿಡಿಯುವ ಕ್ರಮವನ್ನೂ ಬದಲಿಸಬೇಕಾಯಿತು. ಸ್ಪ್ರಿಂಗ್ ಗನ್ ಎರಡು ಸಲ ಒದೆಯುತ್ತದೆ: ಪಿಸ್ಟನ್ ಹೊರಟಾಗ ಹಿಂದಕ್ಕೆ, ಅದು ನಿಂತಾಗ ಮುಂದಕ್ಕೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಆಟ ಶುರುವಾಗಿರುತ್ತದೆ. ಬಿಗಿ ಹಿಡಿದರೆ ಪ್ರತಿ ಸಲವೂ ಬೇರೆ ಬೇರೆ ಕಡೆ ಎಳೆಯುತ್ತದೆ. ಮುಂಭಾಗವನ್ನು ತೆರೆದ ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು, ಅದರಿಷ್ಟಕ್ಕೆ ಅಲುಗಾಡಲು ಬಿಡಬೇಕು. ಹಸುಗೂಸಿನ ತಲೆ ಹಿಡಿದಂತೆ ಅಂತ ನನ್ನ ಮಗಳಿಗೆ ಹೇಳಿಕೊಟ್ಟೆ, ಅವಳು ಒಂದೇ ದಿನಕ್ಕೆ ಕಲಿತಳು.

ಆರು ವರ್ಷದಲ್ಲಿ ಕಾಡಿದ್ದು ನಮ್ಮ ಮಳೆ. ಜುಲೈನಲ್ಲಿ ಬೀಚ್ ಮರದ ದಸ್ತು ಉಬ್ಬುತ್ತದೆ, ಜನವರಿಯಲ್ಲಿ ಸೊರಗುತ್ತದೆ. ಜೊತೆಗೆ ಸ್ಕ್ರೂಗಳೂ ಸಡಿಲ. ಪೆಲೆಟ್ ಚದುರಲು ಶುರುವಾದರೆ ಗುರಿಯನ್ನು ದೂರುವ ಮುಂಚೆ ಸ್ಕ್ರೂ ಮುಟ್ಟಿ ನೋಡುತ್ತೇನೆ. ಹಲ್ಲಿನ ವಾಷರ್ ಹಾಕಿದ ಮೇಲೆ ಇದು ಬಹಳ ಮಟ್ಟಿಗೆ ತಗ್ಗಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆಯದಿದ್ದರೆ ಕೆಂಪಗೆ ತುಕ್ಕು. ತೊಗಲಿಗೆ ಎರಡು ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆಟ್ಟಗೆ ನಿಲ್ಲಿಸುತ್ತೇನೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲು ಯಾರಿಗೂ ಬಿಡುವುದಿಲ್ಲ. ಎದುರಿಗೆ ತಡೆ ಇಲ್ಲದ ಪಿಸ್ಟನ್ ನೇರ ಕಬ್ಬಿಣಕ್ಕೇ ಬಡಿಯುತ್ತದೆ.

ಈಗ ವೇಗ 151ಕ್ಕೆ ಇಳಿದಿದೆ. ಹೋದ ತಿಂಗಳು ಬಿಚ್ಚಿ ನೋಡಿದರೆ ಸ್ಪ್ರಿಂಗ್ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿದೆ, ಗೈಡ್ ಮಾತ್ರ ಕಡೆದ ದಿನದ ಹಾಗೇ ಬಿಗಿ. ಮುಂದಿನ ಬೇಸಿಗೆಗೆ ಸ್ಪ್ರಿಂಗ್ ಬದಲಿಸುತ್ತೇನೆ, ಅದೇ ತಂತಿ, ಅದೇ ಅಳತೆ. ಲೇತ್ ಅಂಗಡಿಯವರು ಬರೆದುಕೊಟ್ಟ ಅಳತೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಏರ್‌ಗನ್ನಿನ ಚೀಲದಲ್ಲೇ ಇಟ್ಟಿದ್ದೇನೆ.